ಕೆಲಸದ ಒತ್ತಡ ಯಾರಿಗೆ ಹೆಚ್ಚು: ಸಾಹೇಬರಿಗೋ, ಗುಮಾಸ್ತರಿಗೋ?

"ನಿನಗೇನಪ್ಪಾ, ಐದು ಗಂಟೆಯಾದರೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟುಬಿಡ್ತೀಯ. ಸಾಹೇಬರ ತಲೆನೋವು ಸಾಹೇಬರಿಗೇ ಗೊತ್ತು." ಕಚೇರಿಗಳಲ್ಲಿ ಇಂಥ ಮಾತನ್ನು ಕೇಳದವರು ಕಡಿಮೆ. ಕುರ್ಚಿ ದೊಡ್ಡದಾದಷ್ಟೂ ಜವಾಬ್ದಾರಿ ದೊಡ್ಡದು, ಜವಾಬ್ದಾರಿ ದೊಡ್ಡದಾದಷ್ಟೂ ಒತ್ತಡ ಹೆಚ್ಚು, ಒತ್ತಡ ಹೆಚ್ಚಾದಷ್ಟೂ ಬಿಪಿ, ಹೊಟ್ಟೆಹುಣ್ಣು, ಹೃದಯಾಘಾತ. ಹೀಗೊಂದು ಲೆಕ್ಕಾಚಾರ ನಮ್ಮಲ್ಲಿ ಅನೇಕರ ತಲೆಯಲ್ಲಿ ಕೂತುಬಿಟ್ಟಿದೆ.

ಆದರೆ ಈ ಲೆಕ್ಕವನ್ನು ವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ ಉತ್ತರ ಬೇರೆಯೇ ಬಂತು. ಆ ಉತ್ತರ ತಿಳಿದರೆ ಒತ್ತಡ ಎಂದರೇನು, ಅದು ಯಾವಾಗ ಕಾಯಿಲೆಗೆ ದಾರಿಯಾಗುತ್ತದೆ, ಅದನ್ನು ಕಡಿಮೆ ಮಾಡಲು ಎಲ್ಲಿ ಕೈಹಾಕಬೇಕು ಎಂಬುದೂ ತಿಳಿಯುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಒತ್ತಡವಾದಾಗ ದೇಹದೊಳಗೆ ಏನಾಗುತ್ತದೆ?

ನೀವು ರಸ್ತೆ ದಾಟುತ್ತಿದ್ದೀರಿ. ಪಕ್ಕದಿಂದ ಬಸ್ಸೊಂದು ಹಾರನ್ ಹೊಡೆಯುತ್ತಾ ನುಗ್ಗಿ ಬರುತ್ತದೆ. ಏನಾಯಿತು ಎಂದು ಯೋಚಿಸುವ ಮೊದಲೇ ನೀವು ಹಿಂದಕ್ಕೆ ಜಿಗಿದಿರುತ್ತೀರಿ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ.

ಇದರ ಹಿಂದೆ ಎರಡು ವ್ಯವಸ್ಥೆಗಳಿವೆ. ಮೊದಲನೆಯದು ಮಿಂಚಿನ ವೇಗದ್ದು. ಅಪಾಯವನ್ನು ಗುರುತಿಸಿದ ಮಿದುಳು ನರಗಳ ಮೂಲಕ ಅಡ್ರಿನಲ್ ಗ್ರಂಥಿಗಳಿಗೆ ಸುದ್ದಿ ಮುಟ್ಟಿಸುತ್ತದೆ. ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಈ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಹೃದಯದ ಬಡಿತ ಏರುತ್ತದೆ, ಸ್ನಾಯುಗಳಿಗೆ ರಕ್ತ ಹರಿಯುತ್ತದೆ, ಜೀರ್ಣಕ್ರಿಯೆಯಂಥ 'ಆಮೇಲೆ ನೋಡಿಕೊಂಡರಾಯಿತು' ಎನ್ನುವ ಕೆಲಸಗಳು ನಿಧಾನವಾಗುತ್ತವೆ. ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದರು. 'ಹೋರಾಡು, ಇಲ್ಲವೇ ಓಡು' ಎಂಬ ಹೆಸರಿನಿಂದ ಇದು ಪ್ರಸಿದ್ಧವಾಯಿತು.

ಎರಡನೆಯದು ಸ್ವಲ್ಪ ನಿಧಾನದ್ದು. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ, ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನ್ ಹೊರಬೀಳುತ್ತದೆ. ಇದು ರಕ್ತದಲ್ಲಿ ಸಕ್ಕರೆಯ ಪ್ರಮಾಣವನ್ನು ಏರಿಸಿ ದೇಹಕ್ಕೆ ಇಂಧನ ಒದಗಿಸುತ್ತದೆ. ಅಪಾಯ ಕಳೆದ ಮೇಲೆ ಕಾರ್ಟಿಸಾಲ್ ಮತ್ತೆ ಮಿದುಳಿಗೇ ಹೋಗಿ 'ಸಾಕು, ನಿಲ್ಲಿಸು' ಎಂಬ ಸೂಚನೆ ಕೊಡುತ್ತದೆ. ಅಂದರೆ ಈ ವ್ಯವಸ್ಥೆಯೊಳಗೇ ಅದನ್ನು ಆರಿಸುವ ಸ್ವಿಚ್ಚೂ ಇದೆ.

ಹಾಗಾಗಿ ಕಾರ್ಟಿಸಾಲ್ ವಿಷವೇನಲ್ಲ. ಪ್ರತಿದಿನ ಬೆಳಗ್ಗೆ ನಾವು ಎದ್ದ ಅರ್ಧ ಗಂಟೆಯ ಆಸುಪಾಸಿನಲ್ಲಿ ಅದು ತಾನಾಗಿಯೇ ಏರಿ, ರಾತ್ರಿಯ ಹೊತ್ತಿಗೆ ಇಳಿಯುತ್ತದೆ. 'ಕಾರ್ಟಿಸಾಲ್ ತೊಳೆದುಹಾಕುವ ಪಾನೀಯ' ಎಂದು ಯಾರಾದರೂ ಮಾರಲು ಬಂದರೆ ಅನುಮಾನದಿಂದ ನೋಡುವುದು ಒಳ್ಳೆಯದು.

ತೊಂದರೆ ಶುರುವಾಗುವುದು ಎಲ್ಲಿ?

ಬಸ್ಸು ಹೋಯಿತು, ನೀವು ಫುಟ್‌ಪಾತ್ ಸೇರಿದಿರಿ, ಐದು ನಿಮಿಷದಲ್ಲಿ ಎದೆ ಬಡಿತ ಇಳಿಯಿತು. ಆದರೆ ತಿಂಗಳ ಟಾರ್ಗೆಟ್ಟು ಬಸ್ಸಿನಂತೆ ಹೋಗುವುದಿಲ್ಲ. ರಾತ್ರಿ ಹತ್ತಕ್ಕೆ ವಾಟ್ಸಾಪ್ ಗುಂಪಿನಲ್ಲಿ ಬರುವ ಮೇಲಧಿಕಾರಿಯ ಸಂದೇಶ, ಯಾವಾಗ ಹೋಗುತ್ತದೋ ಎಂಬ ಗುತ್ತಿಗೆ ಕೆಲಸ, ಎಲ್ಲರೆದುರು ಬೈಯುವ ಸೂಪರ್‌ವೈಸರ್ ಕೂಡ ಹಾಗೆಯೇ. ಹುಲಿ ಬಂದರೂ, ಅಪ್ರೈಸಲ್ ಬಂದರೂ ದೇಹ ತೆರೆಯುವುದು ಒಂದೇ ಉಗ್ರಾಣವನ್ನು. ಉಗ್ರಾಣ ದಿನವೂ ತೆರೆದೇ ಇದ್ದರೆ ಮುಚ್ಚುವ ವ್ಯವಸ್ಥೆ ಸಡಿಲವಾಗುತ್ತದೆ.

ಇದನ್ನು ಮೊದಲು ಕ್ರಮಬದ್ಧವಾಗಿ ಗಮನಿಸಿದವರು ಹ್ಯಾನ್ಸ್ ಸೆಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಅವರು 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಬರಹ ಕಳಿಸಿದರು. ಇಲಿಗಳನ್ನು ಚಳಿಗೆ ಒಡ್ಡಿದರೂ, ಅತಿಯಾಗಿ ದಣಿಸಿದರೂ, ವಿಷ ಚುಚ್ಚಿದರೂ ಅವುಗಳ ದೇಹದಲ್ಲಿ ಒಂದೇ ಬಗೆಯ ಬದಲಾವಣೆಗಳು ಕಾಣುತ್ತಿದ್ದವು: ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು, ರೋಗನಿರೋಧಕ ವ್ಯವಸ್ಥೆಗೆ ಸೇರಿದ ಥೈಮಸ್ ಗ್ರಂಥಿ ಕುಗ್ಗುತ್ತಿತ್ತು, ಜಠರದಲ್ಲಿ ಹುಣ್ಣಾಗುತ್ತಿತ್ತು. ಮೊದಲು ಗಾಬರಿ, ನಂತರ ತಾಳಿಕೆ, ಕೊನೆಗೆ ಬಸವಳಿಕೆ ಎಂಬ ಮೂರು ಹಂತಗಳನ್ನು ಅವರು ಗುರುತಿಸಿದರು.

ಮನುಷ್ಯರಲ್ಲೂ ದೀರ್ಘಕಾಲದ ಒತ್ತಡದ ಗುರುತುಗಳು ಕಾಣುತ್ತವೆ. 1991ರಲ್ಲಿ ಪ್ರಕಟವಾದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 394 ಮಂದಿ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿಗಳನ್ನು ಹಾಕಲಾಯಿತು. ಹೆಚ್ಚು ಒತ್ತಡದಲ್ಲಿದ್ದೇವೆ ಎಂದು ಮೊದಲೇ ಹೇಳಿಕೊಂಡಿದ್ದವರಿಗೆ ಸೋಂಕು ಹೆಚ್ಚಾಗಿ ತಗುಲಿತು. ನಿದ್ದೆಗೇಡು, ತಲೆನೋವು, ಕುತ್ತಿಗೆ ಬಿಗಿತ, ಅಜೀರ್ಣ, ಮರೆವು, ಸಣ್ಣದಕ್ಕೂ ಸಿಡುಕು ಇವೆಲ್ಲ ಬಹಳ ಜನ ಅನುಭವಿಸುವ ಲಕ್ಷಣಗಳು. ನಮ್ಮಲ್ಲಿ ಅನೇಕರು 'ಮನಸ್ಸಿಗೆ ಕಷ್ಟವಾಗುತ್ತಿದೆ' ಎನ್ನುವುದಿಲ್ಲ. 'ಮೈಕೈ ನೋವು, ಗ್ಯಾಸ್ಟ್ರಿಕ್, ಸುಸ್ತು' ಎನ್ನುತ್ತಾರೆ. ಇದು ನಾಟಕವಲ್ಲ. ಒತ್ತಡ ಮೈಯಲ್ಲಿ ಮಾತಾಡುವ ರೀತಿಯೇ ಹಾಗೆ.

'ಸಾಹೇಬ ಕೋತಿ'ಗಳ ಕಥೆ

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ದೊಡ್ಡ ಹುದ್ದೆಯವರಿಗೇ ಹೊಟ್ಟೆಹುಣ್ಣು ಎಂಬ ನಂಬಿಕೆ ಗಟ್ಟಿಯಾಗಲು ಒಂದು ಪ್ರಯೋಗವೂ ಕಾರಣ. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ ಜೋಸೆಫ್ ಬ್ರೇಡಿ ಎಂಬ ಮನಶ್ಶಾಸ್ತ್ರಜ್ಞ ಕೋತಿಗಳನ್ನು ಜೋಡಿ ಜೋಡಿಯಾಗಿ ಕೂರಿಸಿದರು. ಜೋಡಿಯಲ್ಲಿ ಒಂದು ಕೋತಿಯ ಮುಂದೆ ಸನ್ನೆಯೊಂದಿತ್ತು. ಅದನ್ನು ಅದು ಆಗಾಗ ಒತ್ತುತ್ತಿದ್ದರೆ ಎರಡಕ್ಕೂ ವಿದ್ಯುತ್ ಆಘಾತ ತಪ್ಪುತ್ತಿತ್ತು, ಮರೆತರೆ ಎರಡಕ್ಕೂ ಆಘಾತ. ಇನ್ನೊಂದು ಕೋತಿಯ ಮುಂದಿದ್ದ ಸನ್ನೆ ಬರೀ ತೋರಿಕೆಯದು. ಸನ್ನೆ ಒತ್ತುವ ಹೊಣೆ ಹೊತ್ತ ಕೋತಿಗೆ 'ಎಕ್ಸಿಕ್ಯುಟಿವ್ ಕೋತಿ' ಎಂದು ಹೆಸರಾಯಿತು. ಅವುಗಳಲ್ಲೇ ಹುಣ್ಣು ಕಂಡಿತು, ಜೊತೆಯ ಕೋತಿಗಳು ಆರಾಮವಾಗಿದ್ದವು. 1958ರಲ್ಲಿ ಇದು ಪ್ರಕಟವಾದದ್ದೇ ತಡ, ಹೊಣೆಗಾರಿಕೆಯೇ ಕಾಯಿಲೆಯ ಮೂಲ ಎಂಬ ಮಾತು ಎಲ್ಲೆಡೆ ಹರಡಿತು.

ಆದರೆ ಪ್ರಯೋಗದಲ್ಲಿ ಒಂದು ದೊಡ್ಡ ತೂತಿತ್ತು. ಯಾವ ಕೋತಿ ಸಾಹೇಬ, ಯಾವುದು ಜೊತೆಗಾರ ಎಂದು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಸನ್ನೆಯನ್ನು ಪಟಪಟನೆ ಒತ್ತಿದ ಕೋತಿಗಳನ್ನೇ ಸಾಹೇಬರನ್ನಾಗಿ ಆರಿಸಿದ್ದರು. ಅಂದರೆ ಸ್ವಭಾವತಃ ಹೆಚ್ಚು ಗಾಬರಿಯ ಪ್ರಾಣಿಗಳೇ ಆ ಗುಂಪಿಗೆ ಸೇರಿರಬಹುದು.

1970ರ ಆಸುಪಾಸಿನಲ್ಲಿ ಜೇ ವೈಸ್ ಎಂಬ ಸಂಶೋಧಕರು ಇಲಿಗಳ ಮೇಲೆ ಇದೇ ಬಗೆಯ ಪ್ರಯೋಗಗಳನ್ನು ಸರಿಯಾದ ಕ್ರಮದಲ್ಲಿ ಮಾಡಿದರು. ಒಂದು ಇಲಿ ಚಕ್ರ ತಿರುಗಿಸಿ ಆಘಾತ ನಿಲ್ಲಿಸಬಹುದಿತ್ತು. ಇನ್ನೊಂದಕ್ಕೆ ಅಷ್ಟೇ ಪ್ರಮಾಣದ ಆಘಾತ, ಆದರೆ ಏನೂ ಮಾಡುವಂತಿರಲಿಲ್ಲ. ಈ ಬಾರಿ ಹೆಚ್ಚು ಹುಣ್ಣಾದದ್ದು ಕೈಕಟ್ಟಿ ಕೂತ ಇಲಿಗೆ! ಇನ್ನೊಂದು ಪ್ರಯೋಗದಲ್ಲಿ, ಆಘಾತಕ್ಕೆ ಮೊದಲು ಸದ್ದೊಂದು ಎಚ್ಚರಿಸುತ್ತಿದ್ದ ಇಲಿಗಳಿಗೆ ಹುಣ್ಣು ಕಡಿಮೆಯಾಯಿತು. ಆಘಾತ ಎಷ್ಟು ಎಂಬುದರಷ್ಟೇ, ಅದು ಯಾವಾಗ ಬರುತ್ತದೆ ಎಂಬ ಅರಿವು ಮತ್ತು ಅದನ್ನು ತಡೆಯುವ ಹಿಡಿತವೂ ಮುಖ್ಯ ಎಂದಾಯಿತು.

ಹಾಗೆಂದು ನಮ್ಮ ಹೊಟ್ಟೆಹುಣ್ಣಿಗೆಲ್ಲ ಒತ್ತಡವೇ ಕಾರಣ ಎಂದುಕೊಳ್ಳಬೇಡಿ. ಜಠರದ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಕೆಲವು ನೋವುನಿವಾರಕ ಮಾತ್ರೆಗಳು. ಆ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹೊಟ್ಟೆನೋವು ಬಿಡದೆ ಕಾಡಿದರೆ 'ಟೆನ್ಷನ್ನಿಂದ' ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ.

ಲಂಡನ್ನಿನ ಸರ್ಕಾರಿ ನೌಕರರು ಹೇಳಿದ ಸತ್ಯ

ಕೋತಿ, ಇಲಿಗಳ ವಿಷಯ ಹಾಗಿರಲಿ, ಮನುಷ್ಯರ ಕಥೆ ಏನು? ಇದಕ್ಕೆ ಅತ್ಯಂತ ಹೆಸರಾದ ಉತ್ತರ ಬ್ರಿಟನ್ನಿನ 'ವೈಟ್‌ಹಾಲ್' ಅಧ್ಯಯನಗಳದು. ವೈಟ್‌ಹಾಲ್ ಎಂದರೆ ಲಂಡನ್ನಿನಲ್ಲಿ ಸರ್ಕಾರಿ ಕಚೇರಿಗಳಿರುವ ಬೀದಿ, ನಮ್ಮ ವಿಧಾನಸೌಧ, ಎಂ.ಎಸ್. ಬಿಲ್ಡಿಂಗ್ ಇದ್ದ ಹಾಗೆ. 1967ರಲ್ಲಿ ಅಲ್ಲಿನ ಸುಮಾರು 18,000 ಪುರುಷ ನೌಕರರನ್ನು ಪರೀಕ್ಷಿಸಿ, ವರ್ಷಗಟ್ಟಲೆ ಅವರ ಆರೋಗ್ಯವನ್ನು ಗಮನಿಸಲಾಯಿತು. ಇವರು ಕಡುಬಡವರಲ್ಲ, ಎಲ್ಲರಿಗೂ ಖಾಯಂ ನೌಕರಿ, ಬ್ರಿಟನ್ನಿನ ಉಚಿತ ಸರ್ಕಾರಿ ವೈದ್ಯಕೀಯ ಸೇವೆ. ವ್ಯತ್ಯಾಸ ಇದ್ದದ್ದು ಮುಖ್ಯವಾಗಿ ಹುದ್ದೆಯ ಮೆಟ್ಟಿಲಿನಲ್ಲಿ.

ಮೈಕಲ್ ಮಾರ್ಮಟ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಫಲಿತಾಂಶ ಹಲವರನ್ನು ಬೆಚ್ಚಿಬೀಳಿಸಿತು. ಹೃದಯದ ರಕ್ತನಾಳಗಳ ಕಾಯಿಲೆಯಿಂದ ಸತ್ತವರ ಪ್ರಮಾಣ ಅತಿ ಮೇಲಿನ ಅಧಿಕಾರಿಗಳಿಗಿಂತ ಅತಿ ಕೆಳಗಿನ ಜವಾನರಂಥ ಹುದ್ದೆಯವರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. ನಡುವಿನವರಲ್ಲಿಯೂ ಮೆಟ್ಟಿಲು ಇಳಿದಂತೆಲ್ಲ ಅಪಾಯ ಏರುತ್ತಿತ್ತು. ಕೆಳಹಂತದವರಲ್ಲಿ ಧೂಮಪಾನ ಹೆಚ್ಚಿತ್ತು ನಿಜ. ಆದರೆ ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸದ ಒಂದು ಭಾಗಕ್ಕಷ್ಟೇ ವಿವರಣೆ ಸಿಕ್ಕಿತು.

ಉಳಿದದ್ದಕ್ಕೆ ಕಾರಣ ಹುಡುಕಲು 1985ರಲ್ಲಿ ಎರಡನೇ ಅಧ್ಯಯನ ಶುರುವಾಯಿತು. 35ರಿಂದ 55 ವಯಸ್ಸಿನ 10,308 ಮಂದಿ, ಈ ಬಾರಿ ಮಹಿಳೆಯರೂ ಸೇರಿ, ಇದರಲ್ಲಿದ್ದರು. ಎದ್ದು ಕಂಡ ಒಂದು ಅಂಶ: ತಮ್ಮ ಕೆಲಸವನ್ನು ಹೇಗೆ ಮಾಡಬೇಕು, ಯಾವಾಗ ಮಾಡಬೇಕು ಎಂಬುದರಲ್ಲಿ ತಮಗೆ ಹೇಳಿಕೆಯೇ ಇಲ್ಲ ಎನ್ನುವ ಸ್ಥಿತಿಯಲ್ಲಿದ್ದವರಿಗೆ ಹೃದಯದ ಕಾಯಿಲೆ ಹೆಚ್ಚು.

ಹೊರೆ ಮತ್ತು ಹಿಡಿತ: ತಕ್ಕಡಿಯ ಎರಡು ತಟ್ಟೆ

ಈ ವಿಚಾರಕ್ಕೆ ಒಂದು ಚೌಕಟ್ಟು ಕೊಟ್ಟವರು ರಾಬರ್ಟ್ ಕಾರಸೆಕ್. 1979ರಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರ ಮಾಹಿತಿಯನ್ನು ಪರಿಶೀಲಿಸಿ ಅವರು ಹೇಳಿದ್ದು ಸರಳ. ಕೆಲಸದಲ್ಲಿ ಎರಡು ಸಂಗತಿಗಳನ್ನು ಅಳೆಯಬೇಕು: ಹೊರೆ ಎಷ್ಟು, ಹಿಡಿತ ಎಷ್ಟು. ಹೊರೆ ಹೆಚ್ಚಿದ್ದು ಹಿಡಿತವೂ ಹೆಚ್ಚಿದ್ದರೆ ಅದು ಸವಾಲಿನ ಕೆಲಸ, ಮನುಷ್ಯ ಅದರಲ್ಲಿ ಕಲಿಯುತ್ತಾನೆ. ಹೊರೆ ಹೆಚ್ಚಿದ್ದು ಹಿಡಿತ ಇಲ್ಲದಿದ್ದರೆ ಅದು ಅರೆಯುವ ಕೆಲಸ. ನಂತರ ಬಂದ ಸಂಶೋಧಕರು ಇದಕ್ಕೆ ಸಹೋದ್ಯೋಗಿಗಳ, ಮೇಲಧಿಕಾರಿಗಳ ಬೆಂಬಲವನ್ನೂ ಸೇರಿಸಿದರು. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇನ್ನೊಂದು ಅಳತೆಯನ್ನು ಮುಂದಿಟ್ಟರು: ನಾವು ಹಾಕುವ ಶ್ರಮಕ್ಕೆ ತಕ್ಕ ಸಂಬಳ, ಗೌರವ, ಭದ್ರತೆ ಸಿಗುತ್ತಿದೆಯೇ?

ಈ ಅಳತೆಗಳನ್ನು ನಮ್ಮ ಸುತ್ತಲಿನ ಕೆಲಸಗಳಿಗೆ ಹಚ್ಚಿ ನೋಡಿ. ತುಂಬಿದ ಬಸ್ಸಿನಲ್ಲಿ ಚಿಲ್ಲರೆಗಾಗಿ ಜಗಳ ಎದುರಿಸುತ್ತಾ ಸಮಯಕ್ಕೆ ಸರಿಯಾಗಿ ಟಿಕೆಟ್ ಕೊಡಬೇಕಾದ ಕಂಡಕ್ಟರ್. ಗಂಟೆಗೆ ಇಷ್ಟು ಪೀಸ್ ಎಂಬ ಲೆಕ್ಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಗಾರ್ಮೆಂಟ್ಸ್ ಕಾರ್ಮಿಕಳು. ಬೈಯುವ ಗ್ರಾಹಕನಿಗೂ ನಗುನಗುತ್ತಲೇ ಉತ್ತರಿಸಬೇಕಾದ ಕಾಲ್ ಸೆಂಟರ್ ಉದ್ಯೋಗಿ. ಆ್ಯಪ್ ತೋರಿಸಿದ ನಿಮಿಷದೊಳಗೆ ಊಟ ಮುಟ್ಟಿಸಬೇಕಾದ ಡೆಲಿವರಿ ಹುಡುಗ. ಇವರಿಗೆಲ್ಲ ಹೊರೆ ಹೆಚ್ಚು, ಹಿಡಿತ ಕಡಿಮೆ. ಒಳಗೆ ಕುದಿಯುತ್ತಿದ್ದರೂ ಹೊರಗೆ ನಗು ತೋರಿಸುವುದಕ್ಕೆ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನ ಪರಿಚಾರಕಿಯರ ಕುರಿತ ತಮ್ಮ ಪುಸ್ತಕದಲ್ಲಿ 'ಭಾವನೆಗಳ ದುಡಿಮೆ' ಎಂಬ ಅರ್ಥದ ಹೆಸರು ಕೊಟ್ಟರು. ಸಂಬಳದ ಚೀಟಿಯಲ್ಲಿ ಕಾಣದ ದುಡಿಮೆ ಅದು.

ಒಂದು ಎಚ್ಚರಿಕೆ: ಇವೆಲ್ಲ ಜನರನ್ನು ಗಮನಿಸಿ ಪಡೆದ ಫಲಿತಾಂಶಗಳು, ಇಲಿಗಳಂತೆ ಮನುಷ್ಯರನ್ನು ಬೇರೆ ಬೇರೆ ಕೆಲಸಕ್ಕೆ ಹಚ್ಚಿ ಪರೀಕ್ಷಿಸಲಾಗದು. 2012ರಲ್ಲಿ ಯುರೋಪಿನ 13 ಅಧ್ಯಯನಗಳ ಸುಮಾರು 1,97,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಹೆಚ್ಚು ಹೊರೆ ಮತ್ತು ಕಡಿಮೆ ಹಿಡಿತ ಒಟ್ಟಿಗೆ ಇದ್ದವರಲ್ಲಿ ಹೃದ್ರೋಗದ ಅಪಾಯ ಸುಮಾರು ಶೇ 23ರಷ್ಟು ಹೆಚ್ಚು ಕಂಡಿತು. ಇದು ನಿಜವಾದ ಅಪಾಯ, ಆದರೆ ಧೂಮಪಾನದಷ್ಟು ದೊಡ್ಡದಲ್ಲ. ಮೇಲಿನ ಹುದ್ದೆಯವರಿಗೆ ಒತ್ತಡವೇ ಇಲ್ಲ ಎಂದೂ ಇದರ ಅರ್ಥವಲ್ಲ. ಹುದ್ದೆ ದೊಡ್ಡದಿದ್ದೂ ಯಾವ ತೀರ್ಮಾನವೂ ತಮ್ಮ ಕೈಯಲ್ಲಿಲ್ಲದೆ, ಮೇಲಿನವರ ಬೈಗುಳ ಮತ್ತು ಕೆಳಗಿನವರ ಸಿಟ್ಟಿನ ನಡುವೆ ಸಿಕ್ಕಿಬಿದ್ದ ಮ್ಯಾನೇಜರುಗಳೂ ಇದ್ದಾರೆ.

ಒತ್ತಡದ ಬಗ್ಗೆ ಕೆಲವು ತಪ್ಪು ನಂಬಿಕೆಗಳು

ನಂಬಿಕೆ: ತಲೆಯ ಮೇಲೆ ಕತ್ತಿ ತೂಗುತ್ತಿದ್ದರೇ ಜನ ಚೆನ್ನಾಗಿ ಕೆಲಸ ಮಾಡುತ್ತಾರೆ.

ವಾಸ್ತವ: ಇದಕ್ಕೆ ಪುರಾವೆಯಾಗಿ ಮ್ಯಾನೇಜ್‌ಮೆಂಟ್ ತರಬೇತಿಗಳಲ್ಲಿ ಗಂಟೆಯಾಕಾರದ ಒಂದು ಗೆರೆಚಿತ್ರವನ್ನು ತೋರಿಸುತ್ತಾರೆ. ಅದರ ಮೂಲ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ 1908ರಲ್ಲಿ ಮಾಡಿದ ಪ್ರಯೋಗ. ಅದು ನಡೆದದ್ದು ಇಲಿಮರಿಗಳಂಥ ಪುಟ್ಟ ಸುಂಡಿಲಿಗಳ ಮೇಲೆ, ವಿದ್ಯುತ್ ಆಘಾತದ ಪ್ರಮಾಣಕ್ಕೂ ಕಲಿಕೆಯ ವೇಗಕ್ಕೂ ಇರುವ ಸಂಬಂಧ ನೋಡಲು. ಕಚೇರಿಯ ಒತ್ತಡಕ್ಕೂ ಅದಕ್ಕೂ ನೇರ ನಂಟಿಲ್ಲ. ಆ ಪ್ರಯೋಗದಲ್ಲೂ ಕೆಲಸ ಕಷ್ಟವಾದಷ್ಟೂ ಕಡಿಮೆ ಆಘಾತವೇ ಕಲಿಕೆಗೆ ಅನುಕೂಲವಾಗಿತ್ತು. ಗಡುವು ಇದ್ದರೆ ಕೆಲಸ ಮುಗಿಯುತ್ತದೆ ಎಂಬುದು ಬೇರೆ, ಭಯ ಇದ್ದರೆ ಕೆಲಸ ಚೆನ್ನಾಗುತ್ತದೆ ಎಂಬುದು ಬೇರೆ.

ನಂಬಿಕೆ: ಹೆಚ್ಚು ಗಂಟೆ ದುಡಿದರೆ ಹೆಚ್ಚು ಕೆಲಸ ಆಗುತ್ತದೆ.

ವಾಸ್ತವ: ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ದಾಖಲಿಸಿದ ಲೆಕ್ಕಗಳನ್ನು ಅರ್ಥಶಾಸ್ತ್ರಜ್ಞ ಜಾನ್ ಪೆಂಕವೆಲ್ 2014ರಲ್ಲಿ ಮತ್ತೆ ಪರಿಶೀಲಿಸಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚುವರಿ ಗಂಟೆಯ ಫಲ ಕುಗ್ಗುತ್ತಾ ಹೋಯಿತು. 70 ಗಂಟೆ ದುಡಿದವರ ಉತ್ಪಾದನೆಗೂ 56 ಗಂಟೆ ದುಡಿದವರ ಉತ್ಪಾದನೆಗೂ ಹೆಚ್ಚು ಅಂತರವಿರಲಿಲ್ಲ. ದೇಹಕ್ಕೆ ಬೀಳುವ ಪೆಟ್ಟು ಮಾತ್ರ ಕಡಿಮೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಕಾರ್ಖಾನೆ ಕೆಲಸಕ್ಕೆ ಕಾರ್ಮಿಕ ಸಂಸ್ಥೆ ಗೊತ್ತುಮಾಡಿದ್ದು 1919ರಲ್ಲಿ ಎಂಬುದನ್ನು ನೆನಪಿಡೋಣ.

ನಂಬಿಕೆ: ಸಿಗರೇಟು ಸೇದಿದರೆ ಟೆನ್ಷನ್ ಇಳಿಯುತ್ತದೆ.

ವಾಸ್ತವ: ಇಳಿಯುವುದು ಬಹುಮಟ್ಟಿಗೆ ನಿಕೋಟಿನ್ ಸಿಗದೆ ಹುಟ್ಟಿದ ಚಡಪಡಿಕೆ. ಅಂದರೆ ಸಿಗರೇಟು ತಾನೇ ಹಚ್ಚಿದ ಬೆಂಕಿಯನ್ನು ತಾನೇ ಆರಿಸಿ ಹೆಸರು ಗಳಿಸುತ್ತದೆ. ಸಿಗರೇಟು ಬಿಟ್ಟವರಲ್ಲಿ ಕೆಲವು ವಾರಗಳ ನಂತರ ಆತಂಕ, ಖಿನ್ನತೆ ಕಡಿಮೆಯಾದದ್ದನ್ನು ಅಧ್ಯಯನಗಳು ತೋರಿಸಿವೆ. ಇದರ ಹಿಂದೆ ಇತಿಹಾಸವೂ ಇದೆ: ಮೇಲೆ ಹೇಳಿದ ಹ್ಯಾನ್ಸ್ ಸೆಲಿ ಅವರ ಸಂಶೋಧನೆಗೆ ತಂಬಾಕು ಕಂಪನಿಗಳು ಹಣ ಕೊಟ್ಟಿದ್ದವು. ಕಾಯಿಲೆಗೆ ಕಾರಣ ಒತ್ತಡ, ಸಿಗರೇಟಲ್ಲ ಎಂದು ವಾದಿಸಲು ಅವಕ್ಕೆ ಅದು ಅನುಕೂಲವಾಗಿತ್ತು. ಮದ್ಯವೂ ಅಷ್ಟೇ. ಬೇಗ ನಿದ್ದೆ ಬರಿಸಿದಂತೆ ಮಾಡಿ, ನಡುರಾತ್ರಿಯ ನಿದ್ದೆಯನ್ನು ಕೆಡಿಸುತ್ತದೆ.

ನಂಬಿಕೆ: ಬರ್ನ್‌ಔಟ್ ಎಂಬುದು ಐಟಿಯವರ ಹೊಸ ಫ್ಯಾಷನ್.

ವಾಸ್ತವ: ಈ ಪದವನ್ನು ಈ ಅರ್ಥದಲ್ಲಿ ಪ್ರಚಾರಕ್ಕೆ ತಂದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಬರೆದದ್ದು ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುತ್ತಿದ್ದ ಸ್ವಯಂಸೇವಕರ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಒಂದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ. ಅದಕ್ಕೆ ಮೂರು ಮುಖ: ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ ನಿರ್ಲಿಪ್ತತೆ, 'ನನ್ನ ಕೈಲಿ ಏನೂ ಆಗುತ್ತಿಲ್ಲ' ಎಂಬ ಅನಿಸಿಕೆ. ರಜೆಯಲ್ಲಿ ಊರಿಗೆ ಹೋದರೂ, ಮಕ್ಕಳ ಜೊತೆ ಆಡಿದರೂ ಯಾವುದರಲ್ಲೂ ಸಂತೋಷ ಸಿಗದಿದ್ದರೆ ಅದು ಬರೀ ಬರ್ನ್‌ಔಟ್ ಅಲ್ಲದೆ ಖಿನ್ನತೆಯೂ ಇರಬಹುದು. ಖಿನ್ನತೆ ಚಿಕಿತ್ಸೆ ಇರುವ ಕಾಯಿಲೆ.

ನಂಬಿಕೆ: ವರ್ಷಕ್ಕೊಮ್ಮೆ ಯೋಗ ಶಿಬಿರ, ಒಂದು ಧ್ಯಾನದ ಆ್ಯಪ್ ಕೊಟ್ಟರೆ ಸಂಸ್ಥೆಯ ಜವಾಬ್ದಾರಿ ಮುಗಿಯಿತು.

ವಾಸ್ತವ: ಯೋಗ, ಧ್ಯಾನ, ವ್ಯಾಯಾಮ ಮಾಡುವವರಿಗೆ ಪ್ರಯೋಜನವಾಗಬಹುದು, ಮಾಡಬಾರದೆಂದಿಲ್ಲ. ಆದರೆ ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಮಾಹಿತಿಯನ್ನು ವಿಲಿಯಂ ಫ್ಲೆಮಿಂಗ್ ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಉತ್ತಮ ಸ್ಥಿತಿಯಲ್ಲೇನೂ ಇರಲಿಲ್ಲ. ಇದು ಒಂದೇ ಕಾಲಘಟ್ಟದ ಹೋಲಿಕೆಯಾದ್ದರಿಂದ ಕೊನೆಯ ಮಾತಲ್ಲ. ಆದರೂ ಸೋರುವ ಸೂರನ್ನು ಹಾಗೇ ಬಿಟ್ಟು ಒಳಗಿದ್ದವರಿಗೆ ಕೊಡೆ ಹಂಚಿದರೆ ಎಷ್ಟು ದಿನ ನಡೆದೀತು?

ಸಂಸ್ಥೆಗಳು ಏನು ಮಾಡಬಹುದು?

ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ಸಂಸ್ಥೆ 2022ರಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಕೆಲಸದ ಸ್ಥಿತಿಗತಿಗಳನ್ನೇ ಬದಲಿಸುವುದು, ಮ್ಯಾನೇಜರುಗಳಿಗೆ ತರಬೇತಿ ಕೊಡುವುದು, ಕಾಯಿಲೆಯಿಂದ ಚೇತರಿಸಿಕೊಂಡವರು ಮತ್ತೆ ಕೆಲಸಕ್ಕೆ ಮರಳಲು ನೆರವಾಗುವುದು ಇವಕ್ಕೆ ಒತ್ತು ಇದೆ.

ಇದಕ್ಕೆಲ್ಲ ದೊಡ್ಡ ಬಜೆಟ್ಟೇ ಬೇಕೆಂದಿಲ್ಲ. ಮೇಲಿನ ಇಲಿಗಳ ಪಾಠವನ್ನು ನೆನೆಯಿರಿ. ಶಿಫ್ಟ್ ಪಟ್ಟಿಯನ್ನು ಹಿಂದಿನ ರಾತ್ರಿ ಕಳಿಸುವ ಬದಲು ಎರಡು ವಾರ ಮೊದಲೇ ಕೊಟ್ಟರೆ ಮುನ್ನರಿವು ಸಿಗುತ್ತದೆ. ಟಾರ್ಗೆಟ್ ಗೊತ್ತುಮಾಡುವಾಗ ಆ ಕೆಲಸ ಮಾಡುವವರನ್ನೇ ಕೇಳಿದರೆ ಹಿಡಿತ ಸಿಗುತ್ತದೆ. ತಪ್ಪನ್ನು ಎಲ್ಲರೆದುರು ಆಡಿಕೊಳ್ಳದೆ ಪಕ್ಕಕ್ಕೆ ಕರೆದು ಹೇಳಿದರೆ, ಒಳ್ಳೆಯ ಕೆಲಸವನ್ನು ಎಲ್ಲರೆದುರು ಹೇಳಿದರೆ ಗೌರವ ಸಿಗುತ್ತದೆ. ರಾತ್ರಿ ಸಂದೇಶ ಕಳಿಸಲೇಬೇಕಾದರೆ 'ನಾಳೆ ನೋಡಿದರೆ ಸಾಕು' ಎಂಬ ಒಂದು ಸಾಲು ಸೇರಿಸಿದರೆ ಇನ್ನೊಬ್ಬರ ನಿದ್ದೆ ಉಳಿಯುತ್ತದೆ. ಕುಡಿಯುವ ನೀರು, ಶುಚಿಯಾದ ಶೌಚಾಲಯ, ಊಟಕ್ಕೆ ನಿಜವಾಗಿ ಬಿಡುವು, ಇವೂ ಮಾನಸಿಕ ಆರೋಗ್ಯದ ವಿಷಯಗಳೇ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದು ನೋಟಿಸ್ ಬೋರ್ಡಿನಲ್ಲಿ ಮಾತ್ರ ಇದ್ದರೆ ಸಾಲದು.

ನಮ್ಮ ಮಟ್ಟಿಗೆ ನಾವೇನು ಮಾಡಬಹುದು?

ವ್ಯವಸ್ಥೆ ಬದಲಾಗುವವರೆಗೆ ಕಾಯುತ್ತಾ ಕೂರಲಾಗದು. ಕೆಲವು ಸಂಗತಿಗಳು ನಮ್ಮ ಕೈಯಲ್ಲಿವೆ.

ಮೊದಲನೆಯದು ನಿದ್ದೆ. ಏಳು ಗಂಟೆಯ ಆಸುಪಾಸು ನಿದ್ದೆ ಮಾಡದ ಮಿದುಳಿಗೆ ಸಣ್ಣ ಸಮಸ್ಯೆಯೂ ಬೆಟ್ಟವಾಗಿ ಕಾಣುತ್ತದೆ. ರಾತ್ರಿ ಶಿಫ್ಟಿನವರು ಹಗಲು ಮಲಗುವ ಕೋಣೆಯನ್ನು ಕತ್ತಲಾಗಿಸಿಕೊಳ್ಳುವುದು, ಮನೆಯವರೂ ಆ ಹೊತ್ತಿನಲ್ಲಿ ಅವರನ್ನು ಕರೆಯದಿರುವುದು ಅಗತ್ಯ.

ಎರಡನೆಯದು ನಡಿಗೆ. ಒತ್ತಡದ ವ್ಯವಸ್ಥೆ ನಮ್ಮನ್ನು ಸಿದ್ಧಮಾಡುವುದೇ ಮೈ ಅಲುಗಾಡಿಸಲು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆದರೆ ನಿದ್ದೆಗೂ ಮನಸ್ಸಿಗೂ ಒಳ್ಳೆಯದು.

ಮೂರನೆಯದು ಕೆಲಸಕ್ಕೊಂದು ಕೊನೆ. ಮನೆಗೆ ಬಂದ ಮೇಲೂ ಮನಸ್ಸು ಕಚೇರಿಯಲ್ಲೇ ಉಳಿದರೆ ದೇಹಕ್ಕೆ ವಿರಾಮ ಸಿಗುವುದಿಲ್ಲ. ಹೊರಡುವ ಮೊದಲು ಉಳಿದ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮನೆಯಿಂದಲೇ ಕೆಲಸ ಮಾಡುವವರು ಲ್ಯಾಪ್‌ಟಾಪ್ ಮುಚ್ಚಿ ಕಣ್ಣಿಗೆ ಕಾಣದ ಕಡೆ ಇಡಿ.

ನಾಲ್ಕನೆಯದು ಮಾತು. ಮೇಲಧಿಕಾರಿಗೆ 'ತುಂಬಾ ಕೆಲಸ ಇದೆ ಸರ್' ಎನ್ನುವುದಕ್ಕಿಂತ, 'ಈ ವಾರ ನನ್ನ ಬಳಿ ಈ ನಾಲ್ಕು ಕೆಲಸ ಇವೆ, ಎರಡು ಮುಗಿಸಬಲ್ಲೆ, ಯಾವುದು ಮೊದಲು ಬೇಕು ಹೇಳಿ ಸರ್' ಎಂದರೆ ತೀರ್ಮಾನಿಸುವ ಹೊಣೆ ಅವರ ಮೇಲೂ ಬೀಳುತ್ತದೆ.

ಸಹೋದ್ಯೋಗಿ ಕುಗ್ಗಿದಂತೆ ಕಂಡರೆ

ಸದಾ ಮಾತಾಡುತ್ತಿದ್ದವರು ಮೌನವಾಗುವುದು, ಊಟಕ್ಕೆ ಜೊತೆಗೆ ಬಾರದಿರುವುದು, ಹಿಂದೆ ಮಾಡದಂಥ ತಪ್ಪುಗಳು, ಮತ್ತೆ ಮತ್ತೆ ರಜೆ, ಕುಡಿತ ಹೆಚ್ಚುವುದು ಇವೆಲ್ಲ ಗಮನಿಸಬೇಕಾದ ಬದಲಾವಣೆಗಳು. ಒಂದೇ ದಿನದ ಬೇಸರವಲ್ಲ, ಎರಡು ವಾರ ದಾಟಿಯೂ ಹಾಗೇ ಇದೆಯೇ ನೋಡಿ.

ಆಮೇಲೆ ಕೇಳಿ. ಎಲ್ಲರೆದುರು ಬೇಡ, ಟೀ ಕುಡಿಯಲು ಕರೆದುಕೊಂಡು ಹೋಗಿ. "ಇತ್ತೀಚೆಗೆ ನೀವು ಊಟಕ್ಕೂ ಬರ್ತಿಲ್ಲ, ಹೇಗಿದ್ದೀರಿ?" ಎಂದು ಕಂಡದ್ದನ್ನು ಕಂಡ ಹಾಗೆ ಹೇಳಿ, ಸುಮ್ಮನೆ ಕೇಳಿಸಿಕೊಳ್ಳಿ. "ಎಲ್ಲರಿಗೂ ಇರೋದೇ ಬಿಡಿ", "ಧೈರ್ಯ ತಂದುಕೊಳ್ಳಿ", "ನನ್ನ ಕಷ್ಟ ಕೇಳಿದ್ರೆ ಏನಂತೀರಿ" ಇಂಥ ಮಾತುಗಳು ಒಳ್ಳೆಯ ಮನಸ್ಸಿನಿಂದ ಬಂದರೂ ಬಾಗಿಲು ಮುಚ್ಚುತ್ತವೆ. ಅವರು ಹೇಳಿದ್ದನ್ನು ಬೇರೆಯವರಿಗೆ ಹೇಳಬೇಡಿ. ಸಾಧ್ಯವಾದರೆ ಒಂದು ಸಣ್ಣ ಕೆಲಸವನ್ನು ಹಂಚಿಕೊಳ್ಳಿ, ವೈದ್ಯರ ಬಳಿಗೆ ಜೊತೆಗೆ ಹೋಗುತ್ತೇನೆ ಎನ್ನಿ.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬಹಳ ಜನರಿಗಿದೆ. ಇದು ನಿಜವಲ್ಲ. 'ಬದುಕೇ ಬೇಡ ಅನ್ನಿಸುತ್ತಿದೆಯಾ?' ಎಂದು ಕಾಳಜಿಯಿಂದ ನೇರವಾಗಿ ಕೇಳಿದರೆ ಎಷ್ಟೋ ಮಂದಿಗೆ ಎದೆ ಹಗುರಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ತಕ್ಷಣ ಸಹಾಯ ಪಡೆಯಿರಿ. ಗುಟ್ಟು ಕಾಯಬೇಕೆಂಬ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ.

ಸಹಾಯ ಎಲ್ಲಿ ಸಿಗುತ್ತದೆ?

14416. ಇದು ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಸೇವೆ ಇದೆ. ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ ಎಂಬುದು ಹೆಮ್ಮೆಯ ವಿಷಯ.

ಕಾನೂನೂ ಜೊತೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರದ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕಾಗಿಸಿದೆ. ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು ಎಂದು ವಿಮಾ ಕಂಪನಿಗಳಿಗೆ ಹೇಳಿದೆ. ನಿಮ್ಮ ಕಚೇರಿಯ ಆರೋಗ್ಯ ವಿಮೆಯಲ್ಲಿ ಏನೇನು ಸೇರಿದೆ ಎಂದು ಒಮ್ಮೆ ಕೇಳಿ ನೋಡಿ.

ಹಾಗಾದರೆ ಒತ್ತಡ ಯಾರಿಗೆ ಹೆಚ್ಚು? ಕುರ್ಚಿಯ ಎತ್ತರವನ್ನಷ್ಟೇ ನೋಡಿ ಹೇಳಲಾಗದು. ಹೊರೆ ಹೆಚ್ಚಿದ್ದು, ಹಿಡಿತ ಕಡಿಮೆಯಿದ್ದು, ಜೊತೆಗೆ ನಿಲ್ಲುವವರೂ ಇಲ್ಲದಿದ್ದರೆ ಅದು ಯಾರನ್ನಾದರೂ ಅರೆಯುತ್ತದೆ. ಅಂಥ ಕೆಲಸಗಳು ಮೆಟ್ಟಿಲಿನ ಕೆಳಗೇ ಹೆಚ್ಚು. ನಿಮ್ಮ ಕೈಕೆಳಗೆ ಒಬ್ಬರೇ ಒಬ್ಬರು ಕೆಲಸ ಮಾಡುತ್ತಿದ್ದರೂ, ಅವರ ತಕ್ಕಡಿಯ ಒಂದು ತಟ್ಟೆ ನಿಮ್ಮ ಕೈಯಲ್ಲಿದೆ.